ಮನೆಯಲ್ಲಿ ಬೀಡಿ ಕಟ್ಟಿದವರಿಗೂ ಪಿಂಚಣಿ ಉಂಟೇ?

ಪ್ರಶ್ನೆ: ನಮ್ಮದು ಬಂಟ್ವಾಳ ತಾಲ್ಲೂಕಿನ ಸಣ್ಣ ಪೇಟೆ. ನನ್ನ ತಾಯಿ 1999ರಿಂದ ಒಂಬತ್ತು ವರ್ಷ ಒಂದು ಕಂಪನಿಗೆ, ಮನೆ ಬದಲಿಸಿದ ಮೇಲೆ ಹದಿನೇಳು ವರ್ಷ ಇನ್ನೊಂದು ಕಂಪನಿಗೆ ಬೀಡಿ ಕಟ್ಟಿದರು. ಈಗ ಅವರಿಗೆ 58 ತುಂಬುತ್ತಿದೆ. ಎರಡು ಪಿ.ಎಫ್. ಖಾತೆಗಳಿದ್ದು, ಒಂದರಲ್ಲಿ ಹೆಸರಿನ ಜೊತೆ ತಂದೆಯ ಹೆಸರಿದೆ, ಇನ್ನೊಂದರಲ್ಲಿ ಗಂಡನ ಹೆಸರು. ಹಳೆಯ ಖಾತೆಯಿಂದ ಏನನ್ನೂ ತೆಗೆದಿಲ್ಲ. “ಮನೆಯಲ್ಲೇ ಕೂತಿದ್ದವಳಿಗೆ ಎಂಥ ಪಿಂಚಣಿ” ಎನ್ನುತ್ತಾ ಅವರು ಅರ್ಜಿ ಹಾಕಲು ಹಿಂಜರಿಯುತ್ತಾರೆ. ಏನು ಮಾಡಬೇಕು?
– ಒಬ್ಬ ಓದುಗರು, ದಕ್ಷಿಣ ಕನ್ನಡ

ಉತ್ತರ: ನಿಮ್ಮ ತಾಯಿಯವರ ಹಿಂಜರಿಕೆಗೆ ಮೊದಲು ಉತ್ತರಿಸುತ್ತೇನೆ. ರಾತ್ರಿ ಎಲೆ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ತಗಡಿನ ಅಳತೆಯಿಟ್ಟು ಕತ್ತರಿಸಿ, ಮಡಿಲಲ್ಲಿ ಮೊರವಿಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚಿ, ಲೆಕ್ಕ ತಪ್ಪದಂತೆ ಕಟ್ಟುಗಳನ್ನು ಮಾಡಿ, ಕಂಪನಿ ಎಲೆ ಕೊಟ್ಟು ಬೀಡಿ ಪಡೆಯುವ ಬ್ರಾಂಚಿಗೆ ಒಯ್ದವರು ಮನೆಯಲ್ಲಿ ಸುಮ್ಮನೆ ಕೂತಿದ್ದವರಲ್ಲ. ಭವಿಷ್ಯನಿಧಿ (ಪಿ.ಎಫ್.) ಕಾಯ್ದೆ ಬೀಡಿ ಉದ್ಯಮಕ್ಕೆ 1977ರಲ್ಲಿ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರು ತಮ್ಮ ನೌಕರರಲ್ಲ ಎಂದು ಮಾಲೀಕರು ವಾದಿಸಿದಾಗ, 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಟ್ಟಿ ತಂದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಮಾಲೀಕನಿಗಿದೆ ಎಂದ ಮೇಲೆ ಕೆಲಸದ ಮೇಲೆ ಅವನ ಹತೋಟಿಯೂ ಇದ್ದಂತೆಯೇ ಎಂಬುದು ಆ ತೀರ್ಪಿನ ಮುಖ್ಯ ಆಧಾರ. ಬ್ರಾಂಚಿನಲ್ಲಿ ಬೀಡಿ ಬದಿಗೆ ಸರಿದಾಗಲೆಲ್ಲ ನೊಂದ ಹೆಂಗಸರಿಗೆ, ಆ ತಿರಸ್ಕಾರವೇ ತಮ್ಮನ್ನು ನೌಕರರೆಂದು ಸಾಬೀತುಪಡಿಸಿತೆಂಬುದು ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ.

ಇನ್ನು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಂತೆ ಹತ್ತು ವರ್ಷಗಳ ಅರ್ಹ ಸೇವೆ ಇದ್ದವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿ ಸಿಗುತ್ತದೆ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಸೇವೆ ಇಪ್ಪತ್ತು ವರ್ಷ ಮುಟ್ಟಿದ್ದರೆ ಇನ್ನೆರಡು ವರ್ಷ ಸೇರಿಸುತ್ತಾರೆ. ಸರಾಸರಿ ವೇತನ 7,000 ರೂಪಾಯಿ ಎಂದು ಇಟ್ಟುಕೊಂಡರೆ, ಎರಡನೆಯ ಖಾತೆಯ ಹದಿನೇಳು ವರ್ಷಕ್ಕೆ ಸಿಗುವುದು ಸುಮಾರು 1,700 ರೂಪಾಯಿ. ಹಳೆಯ ಒಂಬತ್ತು ವರ್ಷ ಕೂಡಿದರೆ 26ಕ್ಕೆ ಎರಡು ಸೇರಿ 28 ವರ್ಷವಾಗಿ ಸುಮಾರು 2,800 ರೂಪಾಯಿ. ಆದ್ದರಿಂದ ಹಳೆಯ ಖಾತೆಯನ್ನು ಬಿಟ್ಟುಬಿಡಬೇಡಿ, ಅದರ ಹಣವನ್ನು ಬೇರೆಯಾಗಿ ತೆಗೆಯಲೂ ಬೇಡಿ. ಹತ್ತು ವರ್ಷ ತುಂಬದ ಖಾತೆಯ ಪಿಂಚಣಿ ಪಾಲನ್ನು ಒಮ್ಮೆ ಹಿಂಪಡೆದರೆ ಆ ವರ್ಷಗಳು ಲೆಕ್ಕದಿಂದಲೇ ಹೋಗುತ್ತವೆ. ಮಗಳ ಮದುವೆಗೋ ಮನೆಯ ಮಾಡಿಗೋ ಎಂದು ಹೀಗೆ ತೆಗೆದು, ಬಳಿಕ ಪರಿತಪಿಸುವವರು ಬಹಳ.

ಮೊದಲು ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಆಧಾರ್‌ಗೆ ಹೊಂದುವಂತೆ ಜಂಟಿ ಘೋಷಣೆಯ (ನೌಕರ ಮತ್ತು ಮಾಲೀಕ ಸೇರಿ ಸಲ್ಲಿಸುವ ತಿದ್ದುಪಡಿ ಅರ್ಜಿ) ಮೂಲಕ ತಿದ್ದಿಸಿ, ನಂತರ 13ನೇ ನಮೂನೆಯಲ್ಲಿ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿ, ಆಮೇಲಷ್ಟೇ ಪಿಂಚಣಿಗಾಗಿ 10ಡಿ ನಮೂನೆ ಸಲ್ಲಿಸಿ. ಕ್ರಮ ತಪ್ಪಿದರೆ ಅರ್ಜಿ ವಾಪಸು ಬರಬಹುದು. ಎಲೆ ಬಾರದೆ ಕೆಲಸ ನಿಂತು ಕೂಲಿಯೂ ವಂತಿಗೆಯೂ ಇಲ್ಲದ ದಿನಗಳನ್ನು ಸೇವೆಯಿಂದ ಕಳೆಯುತ್ತಾರಾದ್ದರಿಂದ, ಎಲೆಯ ತೂಕ, ಒಪ್ಪಿಸಿದ ಬೀಡಿ, ಕೊಟ್ಟ ಕೂಲಿ ಬರೆದಿರುವ ಹಳೆಯ ಪುಸ್ತಕಗಳು ಎಷ್ಟೇ ಹರಿದಿದ್ದರೂ ಎಸೆಯಬೇಡಿ. ಕಂಪನಿಯ ದಾಖಲೆಯಲ್ಲಿ ತಿಂಗಳು ಬಿಟ್ಟುಹೋಗಿದ್ದರೆ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಅವೇ. ಭವಿಷ್ಯನಿಧಿ ಸಂಘಟನೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಸಂಪರ್ಕ ಶಿಬಿರ ನಡೆಸುತ್ತದೆ. ಎರಡೂ ಖಾತೆಗಳ ಸಂಖ್ಯೆ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಅಲ್ಲಿಗೆ ಹೋಗಿ. ತಾಯಿಯವರನ್ನೂ ಕರೆದೊಯ್ಯಿರಿ, ಎಷ್ಟು ವರ್ಷ ದುಡಿದೆ ಎಂಬುದನ್ನು ಅಧಿಕಾರಿಯ ಮುಂದೆ ಅವರೇ ಹೇಳಲಿ.