ಓದು ಬಿಟ್ಟಿದ್ದರಿಂದಲೇ ಎಡ್ ಶೀರನ್ ದೊಡ್ಡ ಗಾಯಕನಾದನಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗ ಸೆಕೆಂಡ್ ಪಿಯುಸಿ. ಗಿಟಾರ್ ನುಡಿಸುತ್ತಾನೆ, ತಾನೇ ಹಾಡು ಬರೆಯುತ್ತಾನೆ. ಈಗ ಕಾಲೇಜು ಬೇಡ, ಹಾಡಿಕೊಂಡೇ ಇರುತ್ತೇನೆ ಅಂತ ಹಟ ಹಿಡಿದಿದ್ದಾನೆ. "ಎಡ್ ಶೀರನ್ ಕೂಡ ಓದು ಬಿಟ್ಟೇ ದೊಡ್ಡವನಾಗಿದ್ದು" ಅನ್ನುವುದು ಅವನ ವಾದ. ಅದು ನಿಜವಾ, ಇಂಗ್ಲೆಂಡಿನ ಈ ಗಾಯಕ ಚಿಕ್ಕಂದಿನಲ್ಲಿ ಹೇಗಿದ್ದ, ಹೇಗೆ ಮೇಲೆ ಬಂದ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಇದೇ ಮಾತನ್ನು ನನ್ನ ಹತ್ತಿರ ಕಲಿಯುವ ಹುಡುಗರ ಬಾಯಲ್ಲೂ ಕೇಳಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಓದು ಬಿಟ್ಟಿದ್ದು ನಿಜ. 17ರ ಆಸುಪಾಸಿನಲ್ಲಿ ಊರು ಬಿಟ್ಟು ಲಂಡನ್ ಸೇರಿದ. ನಡುವೆ ಒಂದು ಸಂಗೀತದ ಕಾಲೇಜಿಗೆ ಸೇರಿ ಅದನ್ನೂ ಬಿಟ್ಟ. ಆದರೆ ಊರು ಬಿಡುವ ಹೊತ್ತಿಗೆ ಅವನು ಐದಾರು ವರ್ಷದಿಂದ ಹಾಡಿನ ಹಿಂದೆ ಬಿದ್ದಿದ್ದ. ಬಿಟ್ಟ ಮೇಲೆ ಮಾಡಿದ ಕೆಲಸವಂತೂ ಯಾವ ಡಿಗ್ರಿಗಿಂತಲೂ ಕಷ್ಟದ್ದು. ಹುಡುಗರು ಹೇಳುವ ಕಥೆಯಲ್ಲಿ ಇವೆರಡೂ ಇರುವುದಿಲ್ಲ.

ಮೊದಲಿಂದ ಹೇಳುತ್ತೇನೆ. ಎಡ್ ಹುಟ್ಟಿದ್ದು 1991ರ ಫೆಬ್ರವರಿ 17ರಂದು, ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ. ಬೆಳೆದಿದ್ದು ಸಫೋಕ್ ಜಿಲ್ಲೆಯ ಫ್ರಾಮ್ಲಿಂಗಮ್ ಅನ್ನುವ ಚಿಕ್ಕ ಊರಿನಲ್ಲಿ. ಅಲ್ಲೊಂದು ಹಳೇ ಕೋಟೆ ಇದೆ. ನಿಮ್ಮ ಮಗ 'ಕ್ಯಾಸಲ್ ಆನ್ ದ ಹಿಲ್' ಕೇಳಿರುತ್ತಾನೆ, ಆ ಹಾಡಿನ ಕೋಟೆ ಅದೇ. ಅಪ್ಪ ಚಿತ್ರಕಲೆಯ ಪ್ರದರ್ಶನಗಳನ್ನು ಏರ್ಪಡಿಸುವ ಕೆಲಸದಲ್ಲಿದ್ದರು, ಅಮ್ಮ ಒಡವೆ ವಿನ್ಯಾಸ ಮಾಡುತ್ತಿದ್ದರು. ಅಣ್ಣ ಮ್ಯಾಥ್ಯೂ ಕೂಡ ಸಂಗೀತ ಸಂಯೋಜಕ. ಅಂದರೆ ಕಲೆ ಅಂದರೆ ಮೂಗು ಮುರಿಯುವ ಮನೆಯಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಈ ವಿಷಯಕ್ಕೆ ಬರುತ್ತೇನೆ.

ಹುಡುಗ ಮಾತ್ರ ಕಷ್ಟಪಟ್ಟ. ಮುಖದ ಮೇಲೆ ದೊಡ್ಡ ಕೆಂಪು ಮಚ್ಚೆ ಇತ್ತು. ಅದನ್ನು ತೆಗೆಯಲು ಚಿಕ್ಕ ವಯಸ್ಸಿನಲ್ಲೇ ಲೇಸರ್ ಚಿಕಿತ್ಸೆ ಕೊಡಿಸಿದರು. ಒಂದು ಸಲ ಮರಗಟ್ಟಿಸುವ ಕ್ರೀಮ್ ಹಚ್ಚುವುದನ್ನೇ ಮರೆತರಂತೆ. ಆ ನೋವಿನ ನಂತರ ತನಗೆ ಉಗ್ಗು ಶುರುವಾಯಿತು ಅಂತ ಎಡ್ 2015ರಲ್ಲಿ ನ್ಯೂಯಾರ್ಕಿನಲ್ಲಿ ಹೇಳಿದ. ಅದು ಉಗ್ಗು ಇರುವವರಿಗಾಗಿ ಕೆಲಸ ಮಾಡುವ ಸಂಸ್ಥೆಯ ಕಾರ್ಯಕ್ರಮ. ದಪ್ಪ ಕನ್ನಡಕ, ಕೆಂಪು ಕೂದಲು, ಮಾತಾಡಲು ಹೋದರೆ ತಡವರಿಕೆ. ಅಂಥ ಮಗುವಿಗೆ ಶಾಲೆ ಹೇಗಿದ್ದಿರಬಹುದು ಅಂತ ನಿಮಗೆ ಗೊತ್ತಾಗುತ್ತದೆ ಅಲ್ವಾ?

ಅವನಿಗೆ 9 ವರ್ಷವಾಗಿದ್ದಾಗ ಅಪ್ಪ ರ್‍ಯಾಪರ್ ಎಮಿನೆಮ್‌ನ, ಅಂದರೆ ತಾಳಕ್ಕೆ ಸರಿಯಾಗಿ ವೇಗವಾಗಿ ಮಾತು ಹೇಳುವ ಗಾಯಕನ, ಆಲ್ಬಂ ತಂದುಕೊಟ್ಟರು. ಒಳಗೆ ಎಂಥ ಮಾತುಗಳಿವೆ ಅಂತ ಅವರಿಗೆ ಗೊತ್ತಿರಲಿಲ್ಲ. 10 ತುಂಬುವಷ್ಟರಲ್ಲಿ ಹುಡುಗ ಅದರ ಒಂದೊಂದು ಪದವನ್ನೂ ಬಾಯಿಪಾಠ ಮಾಡಿದ್ದ. ಆ ವೇಗ, ಆ ತಾಳ ಹಿಡಿದು ಹೇಳುತ್ತಾ ಹೇಳುತ್ತಾ ಉಗ್ಗು ಹೋಯಿತು ಅನ್ನುತ್ತಾನೆ ಅವನು. ಇದು ನನಗೆ ಆಶ್ಚರ್ಯ ಅನಿಸುವುದಿಲ್ಲ. ನನ್ನ ತರಗತಿಯಲ್ಲೂ ಒಬ್ಬ ಹುಡುಗನಿದ್ದ. ಹೆಸರು ಕೇಳಿದರೆ ಅರ್ಧ ನಿಮಿಷ ತಡವರಿಸುತ್ತಿದ್ದ. ಹಾಡಲು ಶುರು ಮಾಡಿದರೆ ಒಂದು ಕಡೆಯೂ ನಿಲ್ಲುತ್ತಿರಲಿಲ್ಲ. ಉಗ್ಗು ಇರುವ ಹೆಚ್ಚಿನವರು ಹಾಡುವಾಗ ಉಗ್ಗುವುದಿಲ್ಲ. ಹಾಗಂತ ಹಾಡಿದವರಿಗೆಲ್ಲ ಮಾತಿನ ಉಗ್ಗು ಹೋಗುತ್ತದೆ ಅಂತಲ್ಲ. ಆ ಹುಡುಗನ ಅಮ್ಮನಿಗೆ ನಾನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಅಂತಲೇ ಹೇಳಿದ್ದು. ಆದರೆ ಎಡ್‌ನ ಹಾಡುಗಳಲ್ಲಿ ಪದಗಳು ಒಂದರ ಹಿಂದೊಂದು ಓಡಿಬರುವ ಆ ಶೈಲಿ ಇದೆಯಲ್ಲ, ಅದರ ಬೇರು ಇಲ್ಲಿದೆ.

ಗಿಟಾರ್ ಬಂದಿದ್ದು 11ರಲ್ಲಿ. 2002ರ ಜೂನ್‌ನಲ್ಲಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು 50 ವರ್ಷವಾದ ಸಂಭ್ರಮಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅಲ್ಲಿ ತಮ್ಮ 'ಲೈಲಾ' ಹಾಡು ನುಡಿಸಿದರು. ಅದನ್ನು ನೋಡಿ ಹುಡುಗನಿಗೆ ಗಿಟಾರ್ ಹುಚ್ಚು ಹಿಡಿಯಿತು. ಅದೇ ವಯಸ್ಸಿನಲ್ಲಿ ಐರ್ಲೆಂಡಿನ ಒಂದು ಚಿಕ್ಕ ಜಾಗದಲ್ಲಿ ಡೇಮಿಯನ್ ರೈಸ್ ಅನ್ನುವ ಗಾಯಕ ಹಾಡುವುದನ್ನು ಹತ್ತಿರದಿಂದ ನೋಡಿದ. ಒಬ್ಬನೇ ಮನುಷ್ಯ, ಒಂದು ಗಿಟಾರ್, ತಾನೇ ಬರೆದ ಹಾಡು. ಆ ದಿನದಿಂದ ತಾನೂ ಬರೆಯಲು ಶುರು ಮಾಡಿದ. ಇಂಥ ಕಾರ್ಯಕ್ರಮಗಳಿಗೆಲ್ಲ ಕರೆದುಕೊಂಡು ಹೋಗುತ್ತಿದ್ದವರು ಅಪ್ಪ. 13-14ಕ್ಕೆಲ್ಲ ಮನೆಯಲ್ಲೇ ರೆಕಾರ್ಡ್ ಮಾಡಿ ಸಿಡಿ ಮಾಡುತ್ತಿದ್ದ. 2005ರ 'ದಿ ಆರೆಂಜ್ ರೂಮ್' ಅಂಥದ್ದೇ ಒಂದು.

ಈಗ ನಿಮ್ಮ ಮಗ ಖಂಡಿತ ಕೇಳಬೇಕಾದ ಒಂದು ವಿಷಯ. ಎಡ್‌ಗೆ ಹುಟ್ಟಿನಿಂದಲೇ ಒಳ್ಳೇ ಕಂಠ ಇರಲಿಲ್ಲ. ಜೊನಾಥನ್ ರಾಸ್ ನಡೆಸುವ ಟಿವಿ ಕಾರ್ಯಕ್ರಮದಲ್ಲಿ ತನ್ನ ಹದಿಹರೆಯದ ಒಂದು ರೆಕಾರ್ಡಿಂಗನ್ನು ಅವನೇ ಹಾಕಿ ಕೇಳಿಸಿದ. ಶ್ರುತಿ ಎಲ್ಲೋ, ದನಿ ಎಲ್ಲೋ. ನನ್ನ ತರಗತಿಗೆ ಹೊಸದಾಗಿ ಬರುವ ಮಕ್ಕಳಲ್ಲಿ ಅರ್ಧ ಜನ ಅದಕ್ಕಿಂತ ಚೆನ್ನಾಗಿ ಹಾಡುತ್ತಾರೆ, ಸುಮ್ನೆ ಹೇಳುತ್ತಿಲ್ಲ. ಇದು ಹುಟ್ಟಿನಿಂದ ಬಂದ ಪ್ರತಿಭೆ ಅನ್ನುವವರಿಗಾಗಿಯೇ ಅವನು ಅದನ್ನು ಇಟ್ಟುಕೊಂಡಿದ್ದಾನೆ.

ಹಾಡು ಬರೆಯುವುದರ ಬಗ್ಗೆಯೂ ಅವನು ಹೀಗೇ ಹೇಳುತ್ತಾನೆ. ಹಳೇ ಮನೆಯ ನಲ್ಲಿ ತಿರುಗಿಸಿದರೆ ಮೊದಲು ಕೊಳಕು ನೀರು ಬರುತ್ತದೆ, ಬಿಟ್ಟರೆ ಆಮೇಲೆ ತಿಳಿ ನೀರು ಬರುತ್ತದೆ ಅಂತ. ನಾನು ಮಕ್ಕಳಿಗೆ ಇದನ್ನು ಬೋರ್‌ವೆಲ್ ಲೆಕ್ಕದಲ್ಲಿ ಹೇಳುತ್ತೇನೆ. ಹೊಸ ಬೋರ್ ಕೊರೆಸಿದ ದಿನ ಬರುವುದು ಕೆಸರು. ಕೆಸರು ಬಂತು ಅಂತ ಯಾರೂ ಬೋರ್ ಮುಚ್ಚುವುದಿಲ್ಲ. ಮೋಟರ್ ಓಡಿಸುತ್ತಲೇ ಇರುತ್ತಾರೆ. ಮಕ್ಕಳು ಮಾತ್ರ ಎರಡು ಹಾಡು ಬರೆದು, ಚೆನ್ನಾಗಿಲ್ಲ ಅಂತ ನೋಟ್‌ಬುಕ್ ಮುಚ್ಚಿಡುತ್ತಾರೆ. ಎಡ್ 17ರಲ್ಲಿ ಇನ್ನೊಬ್ಬರ ಜೊತೆ ಸೇರಿ ಬರೆದ 'ಲಿಟಲ್ ಥಿಂಗ್ಸ್' ಅನ್ನುವ ಹಾಡು ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. ಆಮೇಲೆ ಅದನ್ನು ಒನ್ ಡೈರೆಕ್ಷನ್ ತಂಡಕ್ಕೆ ಕೊಟ್ಟ. 2012ರಲ್ಲಿ ಅದು ಬ್ರಿಟನ್ನಿನಲ್ಲಿ ನಂಬರ್ 1.

ಲಂಡನ್ನಿನ ದಿನಗಳು ಸುಖದ್ದಲ್ಲ. 2008ರಿಂದ 2010ರವರೆಗೆ ಅವನಿಗೆ ಸ್ವಂತ ಬಾಡಿಗೆ ಮನೆ ಅಂತ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಯಾರ ಮನೆಯಲ್ಲಿ ಸೋಫಾ ಸಿಕ್ಕಿದರೆ ಅಲ್ಲಿ ಮಲಗುತ್ತಿದ್ದ. ಮೆಟ್ರೋ ರೈಲಿನಲ್ಲಿ ನಿದ್ದೆ ಮಾಡಿದ್ದೂ ಇದೆ. ಬಕಿಂಗ್‌ಹ್ಯಾಮ್ ಅರಮನೆಯ ಹೊರಗೆ ಬಿಸಿಗಾಳಿ ಬರುವ ಒಂದು ಜಾಗ ಇತ್ತು, ಒಂದೆರಡು ರಾತ್ರಿ ಅಲ್ಲೇ ಕಳೆದೆ ಅಂತ ತಾನೇ ಬರೆದುಕೊಂಡಿದ್ದಾನೆ.

ಆದರೆ ನನಗೆ ಮುಖ್ಯ ಅನಿಸುವುದು ಸೋಫಾ ಅಲ್ಲ, 312 ಅನ್ನುವ ಸಂಖ್ಯೆ. ಜೇಮ್ಸ್ ಮಾರಿಸನ್ ಅನ್ನುವ ಗಾಯಕ ವರ್ಷಕ್ಕೆ 200 ಕಾರ್ಯಕ್ರಮ ಕೊಟ್ಟರು ಅಂತ ಎಡ್ ಎಲ್ಲೋ ಓದಿದ. ತಾನು ಅದಕ್ಕಿಂತ ಜಾಸ್ತಿ ಮಾಡಬೇಕು ಅಂತ ಹಟ ಹಿಡಿದ. 2009ರಲ್ಲಿ 312 ಕಡೆ ಹಾಡಿದ. ವರ್ಷಕ್ಕೆ 365 ದಿನ. ಅಂದರೆ ವಾರಕ್ಕೆ ಆರು. ಪಬ್ಬಿನ ಮೂಲೆ, ಚಿಕ್ಕ ಕೆಫೆ, ಹಾಡು ಕೇಳುವುದಕ್ಕೆ ಅಂತ ಬಂದವರೇ ಇಲ್ಲದ ಜಾಗ. ಜನ ತಮ್ಮ ಪಾಡಿಗೆ ಮಾತಾಡುತ್ತಾ ಕುಡಿಯುತ್ತಾ ಇರುತ್ತಾರೆ. ಅವರನ್ನು ಸುಮ್ಮನಾಗಿಸುವುದು ಹೇಗೆ ಅಂತ ಯಾವ ಮೇಷ್ಟ್ರೂ ಹೇಳಿಕೊಡಲು ಆಗುವುದಿಲ್ಲ. ನನ್ನಿಂದಲೂ ಆಗುವುದಿಲ್ಲ.

ಒಬ್ಬನೇ ಇಷ್ಟು ಕಡೆ ಹೋಗಲು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಲೂಪ್ ಪೆಡಲ್. ಐರಿಶ್ ಗಾಯಕ ಗ್ಯಾರಿ ಡನ್ ಅದನ್ನು ಬಳಸುವುದನ್ನು ನೋಡಿ ಎಡ್ ಕಲಿತ. ಇದು ಕಾಲಲ್ಲಿ ಒತ್ತುವ ಒಂದು ಪೆಟ್ಟಿಗೆ. ಒಮ್ಮೆ ಒತ್ತಿ ಗಿಟಾರಿನ ಮರದ ಮೇಲೆ ತಾಳ ತಟ್ಟುತ್ತೀರಿ. ಮತ್ತೆ ಒತ್ತಿದರೆ ಆ ತಾಳ ತಾನೇ ಸುತ್ತುತ್ತಾ ಇರುತ್ತದೆ. ಅದರ ಮೇಲೆ ಗಿಟಾರಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರ, ಸೇರಿಸುತ್ತೀರಿ. ಅದರ ಮೇಲೆ ಇನ್ನೊಂದು ದನಿ. ಎರಡು ನಿಮಿಷದಲ್ಲಿ ಒಬ್ಬ ಹುಡುಗ ಇಡೀ ಬ್ಯಾಂಡ್ ಆಗುತ್ತಾನೆ. ಎಲ್ಲವನ್ನೂ ಜನರ ಕಣ್ಣೆದುರೇ ಕಟ್ಟಬೇಕು. ಕೇಳಲು ಸುಲಭ, ಮಾಡಲು ಭಯಂಕರ ಕಷ್ಟ. ತಾಳ ಒಂದು ಕೂದಲೆಳೆ ತಪ್ಪಿದರೂ ಆ ತಪ್ಪು ಹಾಡು ಮುಗಿಯುವವರೆಗೂ ಸುತ್ತುತ್ತಲೇ ಇರುತ್ತದೆ. ಬ್ಯಾಂಡ್ ಇಲ್ಲ ಅಂದರೆ ಸಂಬಳ ಕೊಡಬೇಕಿಲ್ಲ, ವ್ಯಾನ್ ಬೇಕಿಲ್ಲ. ಒಂದು ಪುಟ್ಟ ಗಿಟಾರ್, ಒಂದು ಪೆಡಲ್ ಹಿಡಿದು ರೈಲು ಹತ್ತಿದರಾಯಿತು. 2015ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಮೂರು ರಾತ್ರಿ ಒಬ್ಬನೇ ನಿಂತು ಹಾಡಿದ್ದೂ ಇದೇ ವಿದ್ಯೆಯಿಂದ.

ಬರವಣಿಗೆಯೂ ಈ ಓಡಾಟದಲ್ಲೇ ಗಟ್ಟಿಯಾಯಿತು. 18ರಲ್ಲಿ ಮನೆಯಿಲ್ಲದವರ ಆಶ್ರಯವೊಂದಕ್ಕೆ ಹಾಡಲು ಹೋದ. ಅಲ್ಲಿ ಕಂಡ ಒಬ್ಬ ಹೆಂಗಸಿನ ಬದುಕು, ಅಲ್ಲಿ ಕೇಳಿದ ಕಥೆಗಳು ಸೇರಿ 'ದಿ ಎ ಟೀಮ್' ಆಯಿತು. ಮಾದಕ ವಸ್ತುವಿನ ಚಟಕ್ಕೆ ಸಿಕ್ಕ, ರಸ್ತೆಗೆ ಬಿದ್ದ ಹೆಣ್ಣಿನ ಹಾಡು ಅದು. ಮೊದಲ ಸಲ ಕೇಳಿದಾಗ ಲಾಲಿಯಷ್ಟು ಮೆತ್ತಗಿದೆ ಅನಿಸುತ್ತದೆ. ಮೂರನೇ ಸಲಕ್ಕೆ ಎದೆ ಭಾರವಾಗುತ್ತದೆ. ಅವನ ಹಾಡುಗಳಲ್ಲಿ ನನಗೆ ಇಂದಿಗೂ ಇದೇ ಹೆಚ್ಚು ಇಷ್ಟ.

ಆಮೇಲಿನದು ಬೇಗ ಬೇಗ ನಡೆಯಿತು. 2010ರಲ್ಲಿ ಜಮಾಲ್ ಎಡ್ವರ್ಡ್ಸ್ ನಡೆಸುತ್ತಿದ್ದ ಎಸ್‌ಬಿಟಿವಿ ಯೂಟ್ಯೂಬ್ ಚಾನಲ್‌ನಲ್ಲಿ ಅವನ ವಿಡಿಯೋ ಬಂತು, ಜನ ಹಂಚಿಕೊಂಡರು. ಅದೇ ವರ್ಷ ಲಾಸ್ ಏಂಜಲೀಸ್‌ಗೆ ಹೋಗಿ ಸಿಕ್ಕ ಸಿಕ್ಕ ವೇದಿಕೆಯಲ್ಲಿ ಹಾಡಿದ. ನಟ ಜೇಮೀ ಫಾಕ್ಸ್ ಮೆಚ್ಚಿ ತನ್ನ ಮನೆಯಲ್ಲೇ ಉಳಿಸಿಕೊಂಡರು. 2011ರ ಜನವರಿಯಲ್ಲಿ ಲಂಡನ್ನಿನ ರ್‍ಯಾಪರ್‌ಗಳ ಜೊತೆ ಮಾಡಿದ ಒಂದು ಕಿರು ಆಲ್ಬಂ, ಯಾವ ದೊಡ್ಡ ಕಂಪನಿಯ ಬೆಂಬಲವೂ ಇಲ್ಲದೆ, ಇಂಟರ್ನೆಟ್‌ನಲ್ಲಿ ಹಾಡು ಮಾರುವ ಐಟ್ಯೂನ್ಸ್‌ನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಬಂತು. ಏಪ್ರಿಲ್‌ನಲ್ಲಿ ಲಂಡನ್ನಿನ ಕ್ಯಾಮ್ಡೆನ್‌ನ ಒಂದು ಚಿಕ್ಕ ಜಾಗದಲ್ಲಿ ಉಚಿತವಾಗಿ ಹಾಡುತ್ತೇನೆ ಅಂದ. ಸಾವಿರಕ್ಕೂ ಜಾಸ್ತಿ ಜನ ಬಂದರು. ಯಾರನ್ನೂ ವಾಪಸ್ ಕಳಿಸಬಾರದು ಅಂತ ಒಂದೇ ದಿನ ನಾಲ್ಕು ಸಲ ಹಾಡಿದ. ನಾಲ್ಕನೆಯದು, ಬಾಗಿಲು ಹಾಕಿದ ಮೇಲೆ, ಹೊರಗೆ ರಸ್ತೆಯಲ್ಲಿ. ಹಿಂದಿನ ವರ್ಷಗಳಲ್ಲಿ ಅಷ್ಟು ಕಡೆ ಹಾಡಿ ಪಳಗಿದ್ದ ಗಂಟಲು ಆ ದಿನ ಕೈ ಕೊಡಲಿಲ್ಲ.

ಅದೇ ವರ್ಷ ಅಸೈಲಂ ರೆಕಾರ್ಡ್ಸ್ ಅನ್ನುವ ಕಂಪನಿಯ ಮೂಲಕ 'ದಿ ಎ ಟೀಮ್' ಬಿಡುಗಡೆಯಾಗಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ನೇರ 3ನೇ ಸ್ಥಾನಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ 'ಪ್ಲಸ್' ಆಲ್ಬಂ. ಮೊದಲ ವಾರವೇ ಲಕ್ಷ ದಾಟಿ ಮಾರಾಟ, ನಂಬರ್ 1. ಆಗ ಅವನಿಗೆ 20 ವರ್ಷ. 2012ರ ಜೂನ್‌ನಲ್ಲಿ ರಾಣಿಯ ಪಟ್ಟದ 60ನೇ ವರ್ಷದ ಸಂಭ್ರಮ. ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಟ್ಟಿದ ವೇದಿಕೆಯಲ್ಲಿ ಎಡ್ ನಿಂತು 'ದಿ ಎ ಟೀಮ್' ಹಾಡಿದ. ಹತ್ತು ವರ್ಷದ ಹಿಂದೆ ಕ್ಲಾಪ್ಟನ್ ನುಡಿಸಿದ್ದು ಅದೇ ಅರಮನೆಯಲ್ಲಿ. ಬಿಸಿಗಾಳಿಗೆ ಮೈಯೊಡ್ಡಿ ಮಲಗಿದ್ದೂ ಅದೇ ಅರಮನೆಯ ಹೊರಗೆ. ಈ ವಿಡಿಯೋ ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

2025ರ ಫೆಬ್ರವರಿ 8 ಮತ್ತು 9ರಂದು ಬೆಂಗಳೂರಿಗೆ ಬಂದಿದ್ದನಲ್ಲ, ನೆನಪಿರಬೇಕು. ತುಮಕೂರು ರಸ್ತೆಯ ನೈಸ್ ಮೈದಾನದಲ್ಲಿ ಕಾರ್ಯಕ್ರಮ. ನನ್ನ ಮೂವರು ವಿದ್ಯಾರ್ಥಿಗಳ ಜೊತೆ ಹೋಗಿದ್ದೆ. ಅವರು ಅವನ ಮುಖ ನೋಡುತ್ತಿದ್ದರು, ನಾನು ಪೂರ್ತಿ ಹೊತ್ತು ದೊಡ್ಡ ಪರದೆಯಲ್ಲಿ ಅವನ ಕಾಲು ನೋಡುತ್ತಿದ್ದೆ. 9ರ ಬೆಳಿಗ್ಗೆ ಚರ್ಚ್ ಸ್ಟ್ರೀಟ್‌ನ ಫುಟ್‌ಪಾತ್‌ನಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು, ಇರಲಿಲ್ಲ ಅಂತ ಊರೆಲ್ಲ ಚರ್ಚೆಯಾಯಿತು. ನನಗೆ ಅನಿಸಿದ್ದು ಬೇರೆ. ಅಷ್ಟು ದುಡ್ಡು, ಹೆಸರು ಬಂದ ಮೇಲೂ ಫುಟ್‌ಪಾತಿನಲ್ಲಿ ನಿಂತು ಹಾಡುವ ಆಸೆ ಅವನಿಗೆ ಹೋಗಿಲ್ಲ.

ಈಗ ನಿಮ್ಮ ಮಗನ ವಿಷಯ. ಎಡ್‌ಗೆ ಸೋತರೆ ವಾಪಸ್ ಹೋಗಲು ಒಂದು ಮನೆ ಇತ್ತು, ಬೈಯದ ಅಪ್ಪ ಅಮ್ಮ ಇದ್ದರು. ಹಾಗಾಗಿ ಮಗನ ಹಾಡನ್ನು ದಯವಿಟ್ಟು ನಿಲ್ಲಿಸಬೇಡಿ. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು, ಅದನ್ನು ಬರೆದು ಮುಗಿಸಲಿ. ಪಿಯುಸಿ ಮುಗಿಸಿದ್ದರಿಂದ ಯಾವ ಹಾಡೂ ನಿಲ್ಲುವುದಿಲ್ಲ. ಇಲ್ಲಿವರೆಗೆ ಎಷ್ಟು ಹಾಡು ಪೂರ್ತಿ ಮುಗಿಸಿದ್ದೀಯಾ, ಮನೆಯವರನ್ನು ಬಿಟ್ಟು ಎಷ್ಟು ಸಲ ಬೇರೆಯವರ ಮುಂದೆ ಹಾಡಿದ್ದೀಯಾ ಅಂತ ಪ್ರೀತಿಯಿಂದ ಕೇಳಿ. ಉತ್ತರ ಐದೋ ಆರೋ ಆದರೆ ಬೇಜಾರಾಗಬೇಡಿ, ಅಲ್ಲಿಂದಲೇ ಶುರು ಮಾಡಲಿ. ನಮ್ಮ ಊರುಗಳಲ್ಲಿ ವೇದಿಕೆಗೆ ಬರ ಇಲ್ಲ. ಗಣೇಶನ ಪೆಂಡಾಲ್ ಇದೆ, ನವೆಂಬರ್ ಪೂರ್ತಿ ರಾಜ್ಯೋತ್ಸವ ಇದೆ, ಅಪಾರ್ಟ್‌ಮೆಂಟ್‌ನವರ ಕಾರ್ಯಕ್ರಮ ಇದೆ, ಭಾನುವಾರ ಹಾಡಲು ಬಿಡುವ ಕೆಫೆಗಳಿವೆ. ಕನ್ನಡದಲ್ಲಿ ತಾನೇ ಬರೆದದ್ದನ್ನು ಹಾಡಲಿ, ಜನ ತಿರುಗಿ ನೋಡುತ್ತಾರೆ.

ಮೊದಲ ಸಲ ಹಾಡಲು ಹೋಗುವಾಗ ನೀವೂ ಜೊತೆಗೆ ಹೋಗಿ. ಅವನಿಗೆ ಕಾಣುವ ಹಾಗೆ ಮುಂದೆ ಬೇಡ, ಹಿಂದಿನ ಸಾಲಿನಲ್ಲಿ ಕೂತ್ಕೊಳ್ಳಿ.