700 ರೂಪಾಯಿ ಒಳಗೆ ದಿನಾ ಕುಡಿಯೋಕೆ ಒಳ್ಳೆಯ ರೆಡ್ ವೈನ್ ಯಾವುದು? ಬಾಕ್ಸ್ ತಗೊಂಡು ಇಟ್ಟುಕೊಳ್ಳಬಹುದಾ?

ಬಾಕ್ಸ್ ತಗೋಬೇಡಿ. ಮುಂಗಡ ಕೊಟ್ಟಿದ್ದರೆ ಹೋಗಿ ವಾಪಸ್ ಕೇಳಿ. ಉಳಿದದ್ದು ಆಮೇಲೆ.

ನೀವು ಅಕ್ಕಲಕೋಟೆಯಲ್ಲಿದ್ದೀರಿ. ಅಂಗಡಿಯವನು ಹನ್ನೊಂದು ಬಾಟಲಿಯ ರೇಟಿಗೆ ಹನ್ನೆರಡರ ಬಾಕ್ಸ್ ಕೊಡ್ತೀನಿ ಅಂದಿದ್ದಾನೆ ಅಂತ ಬರೆದಿದ್ದೀರಿ. ವೈನ್ ಹಳೆಯದಾದಷ್ಟೂ ರುಚಿ ಜಾಸ್ತಿ, ಹಾಗಾಗಿ ನಷ್ಟವಿಲ್ಲ ಅಂತ ನಿಮ್ಮ ಲೆಕ್ಕ. ಇದೇ ಲೆಕ್ಕ ಹಾಕಿ ಆರು ವರ್ಷದ ಹಿಂದೆ ನಾನು ಸೊಲ್ಲಾಪುರದಲ್ಲಿ ಹನ್ನೆರಡು ಬಾಟಲಿ ಕೊಂಡಿದ್ದೆ. ಆರು ಸಾವಿರದ ಆರುನೂರು ರೂಪಾಯಿ. ಒಂದು ಬಾಟಲಿ ಕೂಡ ಪೂರ್ತಿ ಕುಡಿಯಲು ಆಗಲಿಲ್ಲ.

ಅದಕ್ಕೂ ಮೊದಲಿನ ಡಿಸೆಂಬರಿನಲ್ಲಿ ಹೊಟಗಿ ರಸ್ತೆಯ ಗೆಳೆಯನೊಬ್ಬನ ಮನೆ ಮಾಳಿಗೆ ಮೇಲೆ ಕೂತಿದ್ದೆವು. ಮೈಮೇಲೆ ಚಾದರ ಹೊದ್ದುಕೊಳ್ಳುವಷ್ಟು ಚಳಿ. ಅವನು ಒಂದು ಶಿರಾಜ್ ತೆಗೆದ, ಅದೇ ಹೆಸರಿನ ಕಪ್ಪು ದ್ರಾಕ್ಷಿಯ ಕೆಂಪು ವೈನ್. ಅಲ್ಲಿಯವರೆಗೆ ನನಗೆ ವೈನ್ ಅಂದರೆ ಸಿಹಿ ಪೋರ್ಟ್ ಮಾತ್ರ, ಕೆಮ್ಮಿನ ಔಷಧಿಯ ತಮ್ಮ. ಇದು ಹಾಗಿರಲಿಲ್ಲ. ಸಿಹಿ ಇಲ್ಲ, ಕರಿಮೆಣಸಿನ ವಾಸನೆ, ನೇರಳೆ ಹಣ್ಣು ತಿಂದ ಹಾಗೆ ಬಾಯಿ. ರೇಟು ಕೇಳಿದೆ. ಆರುನೂರು ಅಂದ. ಅಷ್ಟೇನಾ ಅನಿಸಿತು. ಫೆಬ್ರವರಿಯಲ್ಲಿ ಸಂಬಳ ಜಾಸ್ತಿ ಆಯಿತು, ನೇರ ಹೋಗಿ ಅದೇ ವೈನಿನ ಬಾಕ್ಸ್ ಹೊತ್ತುಕೊಂಡು ಬಂದೆ.

ಈಗ ಇಡೋದೆಲ್ಲಿ? ನಮ್ಮದು ಮಾಂಸ, ಮದ್ಯ ಎರಡೂ ಇಲ್ಲದ ಮನೆ. ಅವ್ವನ ಕಣ್ಣಿಗೆ ಬೀಳಬಾರದು. ಮಾಳಿಗೆ ಮೇಲೆ ಪತ್ರಾ, ಅಂದರೆ ತಗಡು, ಹೊದಿಸಿದ ಸಣ್ಣ ಖೋಲಿ ಇದೆ, ಹಳೆಯ ಸಾಮಾನು ಹಾಕುವುದು. ಅಲ್ಲಿ ಟ್ರಂಕಿನ ಹಿಂದೆ ಬಾಕ್ಸ್ ಇಟ್ಟು, ಬಿಸಿಲು ತಾಗದಿರಲಿ ಅಂತ ಎರಡು ಸೊಲ್ಲಾಪುರ ಚಾದರ ಬೇರೆ ಹೊದಿಸಿದೆ. ಮಗುವನ್ನು ಮಲಗಿಸಿದ ಹಾಗೆ! ಮೇ ತಿಂಗಳಿಗೆ ಭಾವ ಪುಣೆಯಿಂದ ಬರುವವರಿದ್ದರು. ಅವರಿಗೆ ವೈನ್ ಗೊತ್ತು. ಮೂರು ತಿಂಗಳು 'ಹಳೆಯದಾದ' ವೈನ್ ಕುಡಿಸಿ ಭೇಷ್ ಅನಿಸಿಕೊಳ್ಳುವ ಆಸೆ ನನಗೆ.

ಭಾವ ಬಂದರು. ಬಾಟಲಿ ತೆಗೆದು ನೋಡಿದರೆ ಕಾರ್ಕ್ ಅರ್ಧ ಸೆಂಟಿಮೀಟರ್ ಮೇಲೆ ಎದ್ದಿತ್ತು. ಕೊರಳೆಲ್ಲ ಅಂಟು. ಗ್ಲಾಸಿಗೆ ಹಾಕಿದರೆ ಆ ಕಡು ಕೆಂಪು ಬಣ್ಣ ಇಲ್ಲ, ಇಟ್ಟಂಗಿ ಬಣ್ಣ. ಭಾವ ಮೂಸಿದರು, ಒಂದು ಗುಟುಕು ಬಾಯಲ್ಲಿಟ್ಟು ಎದ್ದು ಹೋಗಿ ಉಗುಳಿ ಬಂದರು.

"ಏನಪ್ಪಾ, ಇದು ವೈನೋ ಕಾಕಂಬಿಯೋ?"

ಎರಡನೆಯದು ತೆಗೆದೆ, ಮೂರನೆಯದು ತೆಗೆದೆ. ಎಲ್ಲ ಒಂದೇ. ಸೀದ ಬೆಲ್ಲದ ವಾಸನೆ, ಹಿಂದಿನಿಂದ ಚುಚ್ಚುವ ಹುಳಿ. ಆ ಕಂಪನಿಯವರು ಮೋಸಗಾರರು ಅಂತ ನಾನು ಒಂದು ವರ್ಷ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ. ಆ ಹೆಸರು ಇಲ್ಲಿ ಬರೆಯೋಲ್ಲ, ಯಾಕೆಂದರೆ ತಪ್ಪು ಅವರದ್ದಲ್ಲ.

ಅದು ತಿಳಿದದ್ದು ಜತ್ತದಲ್ಲಿ, ಸೋದರಮಾವನ ದ್ರಾಕ್ಷಿ ತೋಟದಲ್ಲಿ. ಮಾವ ದ್ರಾಕ್ಷಿಯನ್ನು ಒಣಗಿಸಿ ಮಣೂಕ (ಒಣದ್ರಾಕ್ಷಿ) ಮಾಡಿ ತಾಸಗಾಂವ್ ಪೇಟೆಗೆ ಕಳಿಸುತ್ತಾರೆ. ಆ ಕಡೆ ಹೋದವರು ನೋಡಿರುತ್ತೀರಿ, ಜಾಳಿಗೆಯ ಅಂತಸ್ತು ಅಂತಸ್ತಾದ ಉದ್ದನೆಯ ಶೆಡ್, ಸುತ್ತ ಹಸಿರು ನೆರಳು ಬಲೆ. ಹಣ್ಣನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ ಅಲ್ಲಿ ಹರಡುತ್ತಾರೆ. ನಾನು ನನ್ನ ವೈನಿನ ಕಥೆ ಹೇಳಿ ಕಂಪನಿಯನ್ನು ಬೈಯುತ್ತಿದ್ದೆ. ಮಾವ ಹೂಂ ಹೂಂ ಅನ್ನುತ್ತಾ ಕೇಳಿ, ಕೊನೆಗೆ ಹೇಳಿದರು:

"ಲೇ, ಒಣಗಸೂ ಮಣೂಕಾನ ನಾವು ನೆರಳಾಗ ಒಣಗಸ್ತೇವಿ. ಬಿಸಲ ಬಿದ್ರ ಕಪ್ಪ ಆಗ್ತಾವು, ರೇಟ ಬಿದ್ದಹೋಗ್ತದ. ನೀ ಅದರ ರಸಾ ತಂದು ಪತ್ರಾದ ಬುಡಕ ಇಟ್ಟಿ. ಕಂಪನಿ ಏನ್ ಮಾಡೀತು?"

ಮಾವ ಜೀವನದಲ್ಲಿ ವೈನ್ ಮುಟ್ಟಿದವರಲ್ಲ.

ಈ ಒಂದು ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ವೈನ್ ಇಡಲು ಚೆನ್ನಾಗಿರುವುದು 12ರಿಂದ 15 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೇ 42, 43 ಆಗುತ್ತದೆ. ಪತ್ರಾದ ಕೆಳಗೆ ಅದಕ್ಕಿಂತ ಜಾಸ್ತಿ. ಹತ್ತು ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟು ಜೋರಾಗುತ್ತದೆ ಅನ್ನುವುದು ಒಂದು ಅಂದಾಜು ಲೆಕ್ಕ. ಮೂವತ್ತು ಡಿಗ್ರಿ ಏರಿದರೆ ಎಂಟು ಪಟ್ಟು. ಹಾಗಾದರೆ ಬೇಗ ಹಳೆಯದಾಗಿ ಬೇಗ ರುಚಿ ಬರಬೇಕಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದಿದ್ದೆ. ಇಲ್ಲ. ಕಾಯಿ ಪಾಡಕ್ಕೆ ಹಾಕಿ ಮಾಗಿಸುವುದಕ್ಕೂ ಕುಕ್ಕರಿನಲ್ಲಿ ಬೇಯಿಸುವುದಕ್ಕೂ ವ್ಯತ್ಯಾಸ ಇಲ್ವಾ, ಹಾಗೆ. ಹಣ್ಣಿನ ವಾಸನೆ ಹೋಗಿ ಜಾಮ್ ವಾಸನೆ ಬರುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಮಧ್ಯಾಹ್ನ ಕಾದಾಗ ವೈನ್ ಹಿಗ್ಗುತ್ತದೆ, ಕಾರ್ಕನ್ನು ಮೇಲಕ್ಕೆ ನೂಕುತ್ತದೆ, ಪಕ್ಕದಿಂದ ಸ್ವಲ್ಪ ಜಿನುಗುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೊಂದು ಸಲ ಸೈಕಲ್ ಪಂಪ್ ಹೊಡೆದ ಹಾಗೆ. ಮೂರು ತಿಂಗಳು. ಗಾಳಿ ಸೇರಿದ ಮೇಲೆ ಕೆಂಪು ಕಂದಾಗುತ್ತದೆ. ನನ್ನ ಚಾದರಗಳು ಮಾಡಿದ್ದು ಇಷ್ಟೇ, ಹಗಲಿನ ಕಾವು ರಾತ್ರಿ ಬೇಗ ಹೊರಗೆ ಹೋಗದ ಹಾಗೆ ತಡೆದವು.

ಇನ್ನೊಂದು ಮಾತು. ಇಟ್ಟಷ್ಟೂ ರುಚಿ ಅನ್ನುವುದು ತುಂಬ ಕಡಿಮೆ ವೈನಿಗೆ ಸಲ್ಲುವ ಮಾತು. ಹುಳಿ, ಒಗರು ಎರಡೂ ಗಟ್ಟಿಯಾಗಿರಬೇಕು, ಜೊತೆಗೆ ತಣ್ಣಗಿನ ನೆಲಮಾಳಿಗೆ ಬೇಕು. ಆರುನೂರರ ಬಾಟಲಿಯನ್ನು ಮಾಡುವಾಗಲೇ ಈಗ ಕುಡಿಯಲಿ ಅಂತ ಮಾಡಿರುತ್ತಾರೆ. ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ಹೊತ್ತಿಗೆ. ಲೇಬಲ್ ಮೇಲಿನ ವರ್ಷ ಆ ಕೊಯ್ಲಿನದು. ಅದರಿಂದ ಎರಡು ವರ್ಷದ ಒಳಗಿನದಾದರೆ ತಗೊಳ್ಳಿ. ಧೂಳು ಒರೆಸಿ ಕೊಡುವ ಐದು ವರ್ಷದ ಬಾಟಲಿ ಪುಕ್ಕಟೆ ಕೊಟ್ಟರೂ ಬೇಡ.

ಅದಕ್ಕೇ ಯಾವ ಬ್ರ್ಯಾಂಡ್ ಅನ್ನುವ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಯಾವ ಅಂಗಡಿ ಅಂತ ಕೇಳಿ. ನಮ್ಮ ಕಡೆ ವೈನ್ ಶಾಪ್ ಅಂದರೆ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಖರ್ಚಾಗುವ ಜಾಗ. ಬಿಯರ್ ಫ್ರಿಜ್ಜಿನಲ್ಲಿ ಇರುತ್ತದೆ, ವೈನ್ ಮೇಲಿನ ಹಲಗೆಯಲ್ಲಿ ಟ್ಯೂಬ್‌ಲೈಟಿಗೆ ತಲೆ ತಾಗಿಸಿಕೊಂಡು ವರ್ಷಗಟ್ಟಲೆ ನಿಂತಿರುತ್ತದೆ. ಎಸಿ ಇರುವ ಅಂಗಡಿ ಹುಡುಕಿ. ಹಲಗೆ ಮೇಲಿನದು ಬೇಡ, ಹಿಂದಿನ ಹೊಸ ಬಾಕ್ಸಿನಿಂದ ಕೊಡಿ ಅನ್ನಿ. ಕಾರ್ಕ್ ಉಬ್ಬಿದ್ದರೆ, ಕೊರಳು ಅಂಟಿದ್ದರೆ, ವೈನಿನ ಮಟ್ಟ ಕೆಳಗಿಳಿದಿದ್ದರೆ ಮುಟ್ಟಬೇಡಿ. ತಿರುಗಿಸುವ ಮುಚ್ಚಳ ಇದ್ದರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ. ಕಾರ್ಕ್ ಇದ್ದರೆ ದೊಡ್ಡ ವೈನ್ ಅನ್ನುವುದು ಸುಮ್ನೆ ಮಾತು. ಒಂದು ಸಲಕ್ಕೆ ಒಂದೇ ಬಾಟಲಿ, ಹೆಚ್ಚೆಂದರೆ ಎರಡು. ವಿಜಯಪುರದಲ್ಲಿ ಅಗ್ಗ ಸಿಗುತ್ತದೆ ಅಂತ ಗಡಿ ದಾಟಿಸಿ ತರುವ ಯೋಚನೆಯೂ ಬೇಡ, ಎರಡು ರಾಜ್ಯದ ಅಬಕಾರಿ ನಿಯಮ ಬೇರೆ ಬೇರೆ.

ಹೆಸರು ಬೇಕೇ ಬೇಕು ಅಂದರೆ, ನಾಸಿಕದ ಸುಲಾ, ನಂದಿಬೆಟ್ಟದ ಕಡೆಯ ಗ್ರೋವರ್, ನಮ್ಮದೇ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿ. ಮೂವರಲ್ಲೂ ಶಿರಾಜ್ ಅಥವಾ ಶಿರಾಜ್ ಬೆರೆಸಿದ ಕೆಂಪು ಇದೆ. ನಿಮ್ಮ ದುಡ್ಡಿಗೆ ಏನು ಬರುತ್ತದೋ ಅದರಿಂದ ಶುರು ಮಾಡಿ. ಪಂಢರಪುರ ದಾಟಿದರೆ ಸಿಗುವ ಅಕಲೂಜಿನಲ್ಲಿ ಇಟಲಿಯ ಸ್ಯಾಂಜೊವೇಸೆ ದ್ರಾಕ್ಷಿ ಬೆಳೆಯುತ್ತಾರೆ ಅಂತ ಹೇಳಿದರೆ ನಮ್ಮ ಮಾವ ಈಗಲೂ ನಂಬುವುದಿಲ್ಲ. ವೈನ್ ದ್ರಾಕ್ಷಿ ಸಣ್ಣದು, ಬೀಜ ತುಂಬಿದ್ದು, ಸಿಪ್ಪೆ ದಪ್ಪ. ಬಣ್ಣವೂ ಒಗರೂ ಬರುವುದು ಆ ಸಿಪ್ಪೆಯಿಂದಲೇ. ಮಾವನ ಥಾಮ್ಸನ್ ದ್ರಾಕ್ಷಿಯಲ್ಲಿ ಅದ್ಯಾವುದೂ ಇಲ್ಲ. ಕಬರ್ನೆ ಸೋವಿನ್ಯೋನ್ ಅನ್ನುವ ದ್ರಾಕ್ಷಿಯ ಅಗ್ಗದ ವೈನ್ ಶುರುವಿಗೇ ಬೇಡ, ಒಗರು ಜಾಸ್ತಿ. ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸಿದ್ದು ಅನ್ನುವ ಹಾಗೆ 'ರಿಸರ್ವ್' ಅಂತ ಬರೆದದ್ದಕ್ಕೆ ನೂರು ರೂಪಾಯಿ ಹೆಚ್ಚು ಕೊಡಬೇಡಿ. ಅಗ್ಗದ ವೈನಿಗೆ ಮರದ ವಾಸನೆ ಎಷ್ಟೋ ಸಲ ಪೀಪಾಯಿಯಿಂದ ಬಂದಿರುವುದಿಲ್ಲ, ಓಕ್ ಮರದ ಚಕ್ಕೆ ನೆನೆಹಾಕಿ ತಂದಿರುತ್ತಾರೆ.

ರುಚಿ ನೋಡುವುದು ಹೇಗೆ ಅಂತಲೂ ಕೇಳಿದ್ದೀರಿ. ಹೆದರಬೇಡಿ. ಟ್ಯಾನಿನ್ ಅಂತ ವೈನ್ ಪಂಡಿತರು ಗಂಟೆಗಟ್ಟಲೆ ಹೇಳುವುದು ನಮ್ಮ ಒಗರು, ಅಷ್ಟೆ. ದಾಳಿಂಬೆ ಬಿಡಿಸುವಾಗ ಒಳಗಿನ ಹಳದಿ ಪೊರೆ ಹಲ್ಲಿಗೆ ಸಿಕ್ಕರೆ ಒಸಡು ಬಿಗಿಯುತ್ತದಲ್ಲ, ಅದೇ. ಹುಳಿ ಇದ್ದರೆ ದವಡೆಯ ಪಕ್ಕದಲ್ಲಿ ನೀರೂರುತ್ತದೆ. ಅಗ್ಗದ ಕೆಂಪು ವೈನಿನಲ್ಲಿ ನಾನು ನೋಡುವುದು ಮೂರೇ. ಹುಳಿ ಇದೆಯಾ, ಒಗರು ಹಿತವಾಗಿದೆಯಾ, ನುಂಗಿದ ಮೇಲೆ ಐದು ಎಣಿಸುವಷ್ಟು ಹೊತ್ತು ಹಣ್ಣು ಬಾಯಲ್ಲಿ ಉಳಿಯುತ್ತದಾ. ವಿನೆಗರ್ ವಾಸನೆ ಬಂದರೆ ಕೆಟ್ಟಿದೆ. ಒದ್ದೆಯಾದ ರಟ್ಟಿನ ಡಬ್ಬಿಯ ವಾಸನೆ ಬಂದರೆ ಕಾರ್ಕಿನ ದೋಷ. ಒಂದನ್ನೇ ಕುಡಿದರೆ ಏನೂ ಗೊತ್ತಾಗದು. ಗೆಳೆಯನೊಬ್ಬ ಒಂದು ತರಲಿ, ನೀವೊಂದು ತನ್ನಿ, ಎರಡಕ್ಕೂ ಪೇಪರ್ ಸುತ್ತಿ ಪಕ್ಕಪಕ್ಕ ಇಟ್ಟು ನೋಡಿ. ನಾವು ಹಾಗೆ ಮಾಡಿದ ದಿನ ಮೂವರಲ್ಲಿ ಇಬ್ಬರಿಗೆ ಕಡಿಮೆ ರೇಟಿನದೇ ಹಿಡಿಸಿತ್ತು. ಸ್ಟೀಲ್ ಲೋಟ ಬೇಡ, ಮಜ್ಜಿಗೆ ಹಾಗೆ ತುಂಬಿಸಲೂ ಬೇಡ. ಗಾಜಿನ ಗ್ಲಾಸಿನ ಮೂರನೇ ಒಂದು ಭಾಗ ಸಾಕು, ಉಳಿದ ಜಾಗ ವಾಸನೆಗೆ.

ರೆಡ್ ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು, ರೂಮಿನ ಬಿಸಿಯಲ್ಲೇ ಕುಡಿಯಬೇಕು ಅಂತ ಯಾರಾದರೂ ಹೇಳಿದರೆ ಅವರನ್ನು ಏಪ್ರಿಲ್‌ನಲ್ಲಿ ಸೊಲ್ಲಾಪುರಕ್ಕೆ ಕರೆಯಿರಿ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ, 16ರಿಂದ 18 ಡಿಗ್ರಿಯಲ್ಲಿ. ನನಗೆ ಡಿಸೆಂಬರಿನ ಆ ಮಾಳಿಗೆ ಮೇಲೆ ಅಷ್ಟು ರುಚಿ ಹತ್ತಿದ್ದೂ ಇದಕ್ಕೇ, ರಾತ್ರಿಯ ಚಳಿ ಸರಿಯಾಗಿ ಅಷ್ಟೇ ಇತ್ತು. ನಮ್ಮಲ್ಲಿ ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಡಿ, ಕುಡಿಯುವ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ.

ಊಟದ ವಿಷಯದಲ್ಲಿ ನಾನು ಹಟಮಾರಿ. ಖಾರ ಜಾಸ್ತಿ ಇದ್ದರೆ ಕೆಂಪು ವೈನ್ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಕಡಕ್ ರೊಟ್ಟಿ, ಖಾರ ಕಮ್ಮಿ ಹಾಕಿದ ಎಣ್ಣೆಗಾಯಿ, ಹುರಿದ ಶೇಂಗಾ, ಇವು ಒಗ್ಗುತ್ತವೆ. ಶೇಂಗಾದ ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಶೇಂಗಾ ಹೋಳಿಗೆ ಜೊತೆ ಮಾತ್ರ ಬೇಡ, ಸಿಹಿ ತಿಂದು ಕುಡಿದರೆ ವೈನ್ ಬರೀ ಹುಣಸೆ ನೀರು.

ಕೊನೆಗೆ, ದಿನಾ ಒಂದು ಗ್ಲಾಸ್ ಹೃದಯಕ್ಕೆ ಒಳ್ಳೆಯದು ಅಂತ ಬರೆದಿದ್ದೀರಿ. ಅದಕ್ಕಾಗಿ ಕುಡಿಯುವುದಾದರೆ ಶುರುವೇ ಮಾಡಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ನಾನು ವಾರಕ್ಕೆ ಒಂದೆರಡು ದಿನ ಕುಡಿಯುತ್ತೇನೆ, ರುಚಿಗೆ. 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ, ಒಂದೇ ದಿನ ಮುಗಿಯುವುದಿಲ್ಲ. ಹಾಗಾಗಿ ಬಾಟಲಿ ತೆಗೆದ ತಕ್ಷಣ, ಇನ್ನೂ ಒಂದು ಗುಟುಕೂ ಕುಡಿಯುವ ಮೊದಲು, ಅರ್ಧವನ್ನು ಚೊಕ್ಕಟವಾದ ಸಣ್ಣ ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿಸಿ ಮುಚ್ಚಿ ಫ್ರಿಜ್ಜಿಗೆ ಇಡಿ. ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ಮುಂದಿನ ಭಾನುವಾರಕ್ಕೂ ಚೆನ್ನಾಗಿರುತ್ತದೆ. ಮೇಲೆ ಒಂದು ಚೀಟಿ ಮಾತ್ರ ಅಂಟಿಸಿ. ನಮ್ಮವ್ವ ಒಮ್ಮೆ ಅದನ್ನು ಕೋಕಂ ಅಂತ ತಿಳಿದು ಸಾರಿಗೆ ಹಾಕಿದ್ದಳು.