ಹೊಸ ಲೇಖನ ಆಮೇಲೆ, ಮೊದಲು ಇರುವುದನ್ನು ಜೋಡಿಸಿ

ಸಾರ್, ಅಕ್ವೇರಿಯಂ ಬಗ್ಗೆ 60 ಲೇಖನ ಹಾಕಿದ್ದೀನಿ, ಗೂಗಲ್‌ನಿಂದ ಯಾರೂ ಬರ್ತಿಲ್ಲ, ಇನ್ನು ದಿನಕ್ಕೊಂದು ಬರೀಬೇಕಾ ಅಂತ ಕೇಳಿದ್ದೀರಿ. ಬೇಡ. ಸದ್ಯಕ್ಕೆ ಹೊಸದು ಬರೆಯುವುದನ್ನೇ ನಿಲ್ಲಿಸಿ. ನೀವು ಹಾಕಿದ ಪಟ್ಟಿ ನೋಡಿದೆ. ಬೆಟ್ಟಾ ಮೇಲೆ ನಾಲ್ಕು, ಉಪ್ಪುನೀರಿನ ಟ್ಯಾಂಕ್ ಮೇಲೆ ಮೂರು, ಕೊಳದ ಕೋಯಿ ಮೇಲೆ ಎರಡು, ಹೀಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ. ಯಾವ ವಿಷಯವೂ ಪೂರ್ತಿ ಆಗಿಲ್ಲ, ಒಂದು ಲೇಖನದಿಂದ ಇನ್ನೊಂದಕ್ಕೆ ಹೋಗೋಕೆ ದಾರಿಯೂ ಇಲ್ಲ.

ಈ ಗುಂಪಿನಲ್ಲೇ ಒಬ್ಬರು ನಿಮಗೆ ಡೊಮೇನ್ ಅಥಾರಿಟಿ (ಸೈಟಿನ ಬಲ ಎಷ್ಟು ಅಂತ ಹೇಳುವ ಅಂಕ) ಏರಿಸಿ, ದುಡ್ಡು ಕೊಟ್ಟು ಬೇರೆ ಸೈಟ್‌ಗಳಿಂದ ಲಿಂಕ್ ತಗೊಳ್ಳಿ ಅಂದಿದ್ದಾರೆ. ಆ ಅಂಕ ಗೂಗಲ್‌ದಲ್ಲ. ಮೊಜ್ ಅನ್ನುವ ಕಂಪನಿ 100ಕ್ಕೆ ಇಷ್ಟು ಅಂತ ಕೊಡುವ ಅಂದಾಜು ಅಷ್ಟೇ. ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೇ ವಿರುದ್ಧ, ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಗುತ್ತದೆ. ಆ ಕಡೆ ತಲೆ ಹಾಕಬೇಡಿ.

ನಿಮ್ಮ ಕೈಯಲ್ಲೇ ಇರುವುದು ಒಳಗಿನ ಲಿಂಕ್. 1998ರಲ್ಲಿ ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಹೇಳಿದ ಪೇಜ್‌ರ್‍ಯಾಂಕ್ ಲೆಕ್ಕ ಇದೆಯಲ್ಲ, ಒಂದು ಪುಟಕ್ಕೆ ಎಲ್ಲೆಲ್ಲಿಂದ ಲಿಂಕ್ ಬರುತ್ತದೆ ಅಂತ ನೋಡಿ ಅದರ ತೂಕ ಅಳೆಯುವುದು, ಅದು ಹೊರಗಿನ ಸೈಟ್‌ಗಳ ಲಿಂಕಿಗೆ ಮಾತ್ರ ಅಲ್ಲ. ನಿಮ್ಮದೇ ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕಿಗೂ ಲೆಕ್ಕ ಇದೆ. ಗೂಗಲ್ ಹೊಸ ಪುಟ ಹುಡುಕುವುದೂ ಹೆಚ್ಚಾಗಿ ಲಿಂಕ್ ಹಿಡಿದುಕೊಂಡೇ. ಎಲ್ಲಿಂದಲೂ ಲಿಂಕ್ ಇಲ್ಲದ ಪುಟ ಸೈಟ್‌ಮ್ಯಾಪ್‌ನಲ್ಲಿ, ಅಂದರೆ ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಲ್ಲಿ, ಇದ್ದರೂ ಅನಾಥವೇ.

ಈಗ ಒಂದೇ ವಿಷಯ ಹಿಡಿಯಿರಿ. ನಿಮಗೆ ಚೆನ್ನಾಗಿ ಗೊತ್ತಿರುವುದು ಹೊಸ ಟ್ಯಾಂಕ್ ಹದಕ್ಕೆ ತರುವುದು, ಅದೇ ಇರಲಿ. ಅದಕ್ಕೊಂದು ದೊಡ್ಡ ಮುಖ್ಯ ಪುಟ ಮಾಡಿ. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುವ ತನಕದ ಕಥೆ ಮೊದಲಿಂದ ಕೊನೆವರೆಗೆ ಅಲ್ಲಿರಲಿ, ಆದರೆ ಪ್ರತಿ ಹಂತವನ್ನೂ ಅಲ್ಲೇ ಎಳೆಯಬೇಡಿ. ಟೆಸ್ಟ್ ಕಿಟ್ ಓದುವುದು, ನೀರು ಯಾಕೆ ಬೆಳ್ಳಗೆ ಮಬ್ಬಾಯಿತು, ಮೊದಲ ವಾರದಲ್ಲೇ ಮೀನು ಯಾಕೆ ಸತ್ತವು, ಫಿಲ್ಟರ್ ತೊಳೆಯುವುದು, ಒಂದೊಂದಕ್ಕೂ ಬೇರೆ ಪುಟ. ಮುಖ್ಯ ಪುಟದಿಂದ ಅವಕ್ಕೆ ಲಿಂಕ್, ಅವುಗಳಿಂದ ವಾಪಸ್ ಮುಖ್ಯ ಪುಟಕ್ಕೆ, ಸಂಬಂಧ ಇದ್ದ ಕಡೆ ಒಂದಕ್ಕೊಂದು. ಯಾವ ಪ್ರಶ್ನೆ ತಗೋಬೇಕು ಅಂತ ಟೂಲ್‌ಗೆ ದುಡ್ಡು ಕೊಡಬೇಡಿ. ಈ ಗುಂಪಿನಲ್ಲಿ ಹೊಸಬರು ಪದೇ ಪದೇ ಕೇಳುವುದನ್ನು ಬರೆದಿಟ್ಟುಕೊಳ್ಳಿ, ಸಾಕು.

ಲಿಂಕ್ ಎಲ್ಲಿ ಹಾಕುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಿಮ್ಮ ಫಿಲ್ಟರ್ ಲೇಖನದಲ್ಲಿ "ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ" ಅಂತ ಒಂದು ಸಾಲಿದೆ. ಓದುವವನಿಗೆ ಆ ಬ್ಯಾಕ್ಟೀರಿಯಾ ಯಾವುದು ಅಂತ ಅನುಮಾನ ಬರುವುದೇ ಅಲ್ಲಿ, ಅಲ್ವಾ? ಹಾಗಾಗಿ "ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಹೇಗೆ ಬೆಳೆಯುತ್ತದೆ" ಅನ್ನುವ ಮಾತನ್ನು ಅಲ್ಲೇ ಸೇರಿಸಿ, ಆ ಮಾತಿನ ಮೇಲೇ ಮುಖ್ಯ ಪುಟದ ಲಿಂಕ್ ಹಾಕಿ. ನೀವೀಗ ಎಲ್ಲಾ ಕಡೆ "ಇಲ್ಲಿ ಕ್ಲಿಕ್ ಮಾಡಿ" ಅಂತ ಹಾಕಿದ್ದೀರಿ, ಅದರಿಂದ ಆ ಕಡೆ ಏನಿದೆ ಅಂತ ಓದುಗನಿಗೂ ಗೊತ್ತಾಗಲ್ಲ, ಗೂಗಲ್‌ಗೂ ಗೊತ್ತಾಗಲ್ಲ. ಕೆಳಗೆ ಸುಮ್ನೆ ಹತ್ತು "ಇದನ್ನೂ ಓದಿ" ಸುರಿಯುವುದಕ್ಕಿಂತ ಸಾಲಿನ ಮಧ್ಯೆ ಬರುವ ಎರಡು ಲಿಂಕ್ ವಾಸಿ.

ಇನ್ನೊಂದು ತೊಂದರೆ. ನೀರು ಬದಲಾಯಿಸುವ ಬಗ್ಗೆ ನಿಮ್ಮದು ಮೂರು ಲೇಖನ ಇವೆ, ಮೂರಕ್ಕೂ ತಲೆಬರಹ ಬೇರೆ, ವಿಷಯ ಒಂದೇ. ಯಾವುದನ್ನು ತೋರಿಸಬೇಕು ಅಂತ ಗೂಗಲ್‌ಗೂ ಗೊಂದಲ. ಸರ್ಚ್ ಕನ್ಸೋಲ್‌ನಲ್ಲಿ (ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಬರುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಟೂಲ್) ಪರ್ಫಾರ್ಮೆನ್ಸ್ ತೆರೆದು, ಒಂದು ಹುಡುಕಾಟದ ಪದ ಒತ್ತಿ, ಆಮೇಲೆ ಪೇಜಸ್ ಟ್ಯಾಬ್ ನೋಡಿ. ಒಂದೇ ಪದಕ್ಕೆ ಮೂರು ಪುಟವೂ ಬಂದು, ಯಾವುದೂ ಮೇಲೆ ಏರದೆ ಇದ್ದರೆ ಕಾರಣ ಅದೇ ಇರಬಹುದು. 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ, ಜಾಸ್ತಿ ಕ್ಲಿಕ್ ಬಂದಿರುವ ಪುಟ ಉಳಿಸಿಕೊಳ್ಳಿ. ಉಳಿದ ಎರಡರಲ್ಲಿ ಇರುವ ಒಳ್ಳೆಯದನ್ನು ಇದಕ್ಕೆ ತಂದು, ಹಳೆಯ ವಿಳಾಸಗಳಿಂದ ಇದಕ್ಕೆ 301 ರೀಡೈರೆಕ್ಟ್ ಹಾಕಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾನಾಗಿ ಈ ಪುಟಕ್ಕೇ ಬರುವ ಹಾಗೆ ಶಾಶ್ವತವಾಗಿ ತಿರುಗಿಸಿ. ಸುಮ್ನೆ ಅಳಿಸಬೇಡಿ, ಯಾರಾದರೂ ಆ ವಿಳಾಸಕ್ಕೆ ಲಿಂಕ್ ಕೊಟ್ಟಿದ್ದರೆ ಅದು ದಂಡವಾಗುತ್ತದೆ. ಹಾಗೇ ನಿಮ್ಮ ಸೈಟಿನ ಒಳಗೆ ಆ ಹಳೆಯ ವಿಳಾಸಕ್ಕೆ ಇರುವ ಲಿಂಕ್‌ಗಳನ್ನೂ ಹೊಸದಕ್ಕೆ ತಿದ್ದಿ.

ಅದೇ ಸರ್ಚ್ ಕನ್ಸೋಲ್‌ನಲ್ಲಿ ಲಿಂಕ್ಸ್ ಅಂತ ಇದೆ, ಯಾವ ಪುಟಕ್ಕೆ ಒಳಗಿನಿಂದ ಎಷ್ಟು ಲಿಂಕ್ ಇದೆ ಅಂತ ತೋರಿಸುತ್ತದೆ. ನಿಮ್ಮದರಲ್ಲಿ "ನಮ್ಮ ಬಗ್ಗೆ" ಪುಟವೇ ಮೇಲೆ ಇರುತ್ತದೆ ನೋಡಿ, ಮೆನುವಿನಲ್ಲಿ ಇರುವುದರಿಂದ! ಟ್ಯಾಂಕ್‌ನ ಮುಖ್ಯ ಪುಟವನ್ನೂ ಮೆನುವಿಗೆ ತನ್ನಿ.

ನಿಮ್ಮ ಸ್ವಂತ ಟ್ಯಾಂಕಿನ ಫೋಟೋ, ಟೆಸ್ಟ್ ಕಿಟ್‌ನಲ್ಲಿ ಬಂದ ಅಂಕಿ ಹಾಕಿ. ಬೇರೆ ಕಡೆಯಿಂದ ಎತ್ತಿದ ಚಿತ್ರ ಬೇಡ. ಸ್ವಂತ ಅನುಭವ ಇದೆಯೇ ಅನ್ನುವುದನ್ನು 2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಗುಣಮಟ್ಟ ಪರೀಕ್ಷಕರ (ಹುಡುಕಾಟದ ಫಲಿತಾಂಶ ಚೆನ್ನಾಗಿದೆಯೇ ಅಂತ ನೋಡಿ ಹೇಳುವವರು) ಕೈಪಿಡಿಗೂ ಸೇರಿಸಿದೆ.

ಇಷ್ಟು ಮಾಡಿ ಮರುದಿನವೇ ನೋಡಬೇಡಿ. ಕೆಲವು ಬದಲಾವಣೆ ಬೇಗ ಕಾಣುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕು. ಕೋಯಿ, ಉಪ್ಪುನೀರಿನ ಲೇಖನ ಇರುವ ಹಾಗೇ ಇರಲಿ, ಟ್ಯಾಂಕ್ ವಿಷಯ ಮುಗಿದ ಮೇಲೆ ಅವುಗಳಲ್ಲಿ ಒಂದನ್ನು ಹಿಡಿಯೋಣ. ಮುಖ್ಯ ಪುಟದ ಕರಡು ಆದಾಗ ಇಲ್ಲಿ ಹಾಕಿ, ಯಾವ ಸಾಲಲ್ಲಿ ಲಿಂಕ್ ಬರಬೇಕು ಅಂತ ನೋಡಿ ಹೇಳ್ತೀನಿ.